ಹಳದಿ ಬಣ್ಣ ಹಾಗಿರಲಿ, ಸ್ಕ್ರೂ ಕೂರುವ ಜಾಗ ನೋಡಿ

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದೊಂದು ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಲೆಕ್ಕಪತ್ರದ ಕಂಪ್ಯೂಟರ್ ಇರುವುದು ಗೂಡು ಬೇಯಿಸುವ ಬಾಣಲೆಗಳ ಪಕ್ಕದ ಕೋಣೆಯಲ್ಲಿ. ತಂದೆಯವರು 2000ರಲ್ಲಿ ಕೊಂಡ 17 ಇಂಚಿನ ಪಿಕ್ಚರ್ ಟ್ಯೂಬ್ ಮಾನಿಟರ್ ಈಗಲೂ ಕೆಲಸ ಮಾಡುತ್ತದೆ. ಹೋದ ತಿಂಗಳು ಅದನ್ನು ಬೇರೆ ಮೇಜಿಗೆ ಎತ್ತಿಡುವಾಗ ಹಿಂಬದಿಯ ಕವಚದ ಎರಡು ಮೂಲೆಗಳು ಕಿತ್ತುಬಂದವು. ಒಳಗೆ ಸ್ಕ್ರೂ ಕೂರುವ ಕೊಳವೆಗಳು ಸೀಳಿವೆ. ಬಣ್ಣ ಕಾಫಿಯಂತಾಗಿದೆ. ಪ್ರತಿ ವರ್ಷ ಆಯುಧಪೂಜೆಗೆ ಒರೆಸಿ, ಹೊಳಪಿಗೆಂದು ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಚೆನ್ನಾಗಿಯೇ ನೋಡಿಕೊಂಡಿದ್ದೆವು. ಜೊತೆಗಿರುವ 15 ಇಂಚಿನ ಹಳೆಯ ಎಲ್‌ಸಿಡಿ ಮಾನಿಟರಿನ ಪರದೆಯಲ್ಲಿ ಗುಳ್ಳೆಗಳೆದ್ದು ಹುಳಿ ವಾಸನೆ ಬರುತ್ತಿದೆ. ಕಳಪೆ ಪ್ಲಾಸ್ಟಿಕ್ ಬಳಸಿದ್ದಾರೆಯೇ? ಅಂಟಿಸಬಹುದೇ? ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಹಳೆಯ ಬಣ್ಣ ಮರಳುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ನಿಮ್ಮ ಮಾನಿಟರಿನ ಪ್ಲಾಸ್ಟಿಕ್ ಕಳಪೆಯದೇನಲ್ಲ. ಅಂತಹ ಕವಚವನ್ನು ಮಾಡುವಾಗ ಯಾರೂ ಇಪ್ಪತ್ತೈದು ವರ್ಷದ ಲೆಕ್ಕ ಹಾಕಿರಲಿಲ್ಲ, ಅಷ್ಟೆ. ತುಮಕೂರಿನ ಕಡೆ ಪ್ಲಾಸ್ಟಿಕ್ ಅಚ್ಚಿನ ಕೆಲಸದಲ್ಲಿ ಬಹುಕಾಲ ಇದ್ದವನಾಗಿ ಹೇಳುತ್ತೇನೆ: ಆ ಕಾಲದ ಮಾನಿಟರ್ ಕವಚಗಳು ಗೋಡೆಯ ದಪ್ಪ, ಒಳಪಟ್ಟಿಗಳ ಜೋಡಣೆ ಎಲ್ಲದರಲ್ಲೂ ಇಂದಿನ ತೆಳು ಮಾನಿಟರ್‌ಗಳಿಗಿಂತ ಗಟ್ಟಿಯಾಗಿದ್ದವು. ಆದರೂ ಮುರಿದವು. ಏಕೆ ಮುರಿದವು ಎಂಬುದು ಗೊತ್ತಾದರೆ ಹೇಗೆ ಅಂಟಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಕವಚದ ಒಳಮೈ ನೋಡಿ. ಎಲ್ಲೋ ಒಂದು ಕಡೆ ಪ್ಲಾಸ್ಟಿಕ್ಕಿನ ಜಾತಿ ಹೇಳುವ, ಅಚ್ಚಿನಲ್ಲೇ ಮೂಡಿದ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ: ಎಬಿಎಸ್, ಎಚ್‌ಐಪಿಎಸ್ ಅಥವಾ ಪಿಸಿ+ಎಬಿಎಸ್. ಅದರ ಜೊತೆ ಎಫ್‌ಆರ್ ಎಂಬ ಅಕ್ಷರಗಳಿದ್ದರೆ ಬೆಂಕಿ ಹಿಡಿಯದಂತೆ ತಡೆಯುವ ರಾಸಾಯನಿಕ ಬೆರೆಸಿದ್ದಾರೆ ಎಂದರ್ಥ. ಪಿಕ್ಚರ್ ಟ್ಯೂಬ್ ಮಾನಿಟರ್‌ಗಳು ಬಹುಪಾಲು ಮೊದಲಿನ ಎರಡರಲ್ಲಿ ಒಂದು. ಎರಡೂ ಸ್ಟೈರೀನ್ ಜಾತಿಯವು, ಎರಡರ ಗುಟ್ಟೂ ಒಂದೇ. ಸ್ಟೈರೀನ್ ಜಾತಿಯ ಪ್ಲಾಸ್ಟಿಕ್ ಸ್ವಭಾವತಃ ಪೆಡಸು, ಬೀಳಿಸಿದರೆ ಚೂರಾಗುತ್ತದೆ. ಅದಕ್ಕೆ ಪೆಟ್ಟು ತಡೆಯುವ ಗುಣ ಬರಲೆಂದು ಬ್ಯುಟಡೈಯೀನ್ ರಬ್ಬರಿನ ಅತಿ ಸಣ್ಣ ಕಣಗಳನ್ನು ಸೇರಿಸುತ್ತಾರೆ. ಪೆಟ್ಟು ಬಿದ್ದಾಗ ಬಿರುಕು ಓಡತೊಡಗಿದರೆ ಈ ಕಣಗಳು ಅದರ ಓಟವನ್ನು ನುಂಗಿಕೊಳ್ಳುತ್ತವೆ. ಕವಚದ ಜೀವ ಇರುವುದು ಈ ರಬ್ಬರಿನಲ್ಲಿ.

ಬೇಗ ಕೆಡುವುದೂ ಅದೇ ರಬ್ಬರ್. ಬ್ಯುಟಡೈಯೀನಿನ ಅಣುವಿನಲ್ಲಿರುವ ಜೋಡಿ ಬಂಧಗಳ ಮೇಲೆ ಗಾಳಿಯ ಆಮ್ಲಜನಕ ಸುಲಭವಾಗಿ ಎರಗುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಆ ಕೆಲಸವನ್ನು ಆರಂಭಿಸಿಕೊಡುತ್ತದೆ, ಶಾಖ ಅದನ್ನು ಚುರುಕುಗೊಳಿಸುತ್ತದೆ. ನಿಮ್ಮ ಮಾನಿಟರ್ ಉರಿಯುವಾಗ ಸುಮಾರು 100 ವ್ಯಾಟ್ ವಿದ್ಯುತ್ ತಿನ್ನುತ್ತದೆ; ಅದರಲ್ಲಿ ಹೆಚ್ಚಿನದು ಶಾಖವಾಗಿ ಮೇಲಿನ ಕಿಂಡಿಗಳ ಮೂಲಕ ಹೊರಬರಬೇಕು. ಕಿಂಡಿಗಳ ಸುತ್ತಲಿನ ಪ್ಲಾಸ್ಟಿಕ್ ಹೀಗೆ ವರ್ಷಗಟ್ಟಲೆ ಬೆಂದಿದೆ. ರಬ್ಬರ್ ಮೊದಲು ಸಾಯುವುದು ಹೊರಮೈಯ ತೆಳುಪದರದಲ್ಲಿ. ಒಳಗಿನ ಪ್ಲಾಸ್ಟಿಕ್ ಇನ್ನೂ ಗಟ್ಟಿಯಾಗಿಯೇ ಇರುತ್ತದೆ, ಆದರೆ ಅದರಿಂದ ಏನೂ ಪ್ರಯೋಜನವಿಲ್ಲ: ಪೆಡಸಾದ ಹೊರಪದರದಲ್ಲಿ ಹುಟ್ಟಿದ ಬಿರುಕು ಅದೇ ವೇಗದಲ್ಲಿ ಒಳಗೂ ನುಗ್ಗುತ್ತದೆ.

ಇದನ್ನು ನೀವೇ ಕಣ್ಣಾರೆ ನೋಡಬಹುದು. ಕಿತ್ತುಬಂದ ಒಂದು ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ಮುರಿದ ಅಂಚನ್ನು ಗಮನಿಸಿ. ಹೊರಗಡೆ ಕಂದು ಬಣ್ಣದ ಒಂದು ಗೆರೆ, ಅದರ ಒಳಗೆ ಮೊದಲಿನ ಕೆನೆ ಬಣ್ಣ ಕಾಣುತ್ತದೆ. ಆಮೇಲೆ ಎಲ್ಲಿಯೂ ಉಪಯೋಗಕ್ಕೆ ಬಾರದ ತೆಳುವಾದ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಬಗ್ಗಿಸಿ. ಬಗ್ಗಿದ ಜಾಗ ಮೊದಲು ಬೆಳ್ಳಗಾಗಿ ಆಮೇಲೆ ಹರಿದರೆ ರಬ್ಬರಿನಲ್ಲಿ ಇನ್ನೂ ಜೀವವಿದೆ. ಸ್ವಲ್ಪವೂ ಬಿಳುಪಾಗದೆ ಹಪ್ಪಳದಂತೆ ಟಕ್ಕೆಂದು ಮುರಿದು, ಮುರಿದ ಮೈ ನುಣುಪಾಗಿ ಹೊಳೆದರೆ ಆ ಭಾಗದ ಕಥೆ ಮುಗಿದಿದೆ. ಕಿಂಡಿಯ ಬಳಿಯ ಚೂರು, ತಳದ ಚೂರು ಎರಡನ್ನೂ ಬಗ್ಗಿಸಿ ನೋಡಿ. ಸಾಮಾನ್ಯವಾಗಿ ತಳದ್ದು ಬಿಳುಪಾಗುತ್ತದೆ, ಮೇಲಿನದು ಆಗುವುದಿಲ್ಲ. ದುರಸ್ತಿಗೆ ಬರುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸಲು ನನಗೆ ಬಣ್ಣಕ್ಕಿಂತ ಈ ಪರೀಕ್ಷೆಯ ಮೇಲೆ ನಂಬಿಕೆ.

ಇನ್ನು ನಿಮ್ಮ ಸ್ಕ್ರೂ ಕೊಳವೆಗಳು. ಅಚ್ಚಿನವರು ಇವನ್ನು ಬಾಸ್ ಎನ್ನುತ್ತಾರೆ. ಕವಚದಲ್ಲಿ ಅತ್ಯಂತ ದುರ್ಬಲವಾದ ಜಾಗ ಇದು, ಹೊಸದಾಗಿದ್ದಾಗಲೂ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿದು ಬರುವಾಗ ಕೊಳವೆಯ ನಡುವಿನ ಕಡ್ಡಿಗೆ ಎದುರಾಗಿ ಎರಡು ಕವಲಾಗುತ್ತದೆ, ಕಡ್ಡಿಯ ಹಿಂದೆ ಮತ್ತೆ ಕೂಡಿಕೊಳ್ಳುತ್ತದೆ. ಕೂಡುವ ಹೊತ್ತಿಗೆ ಎರಡು ಕವಲುಗಳ ಮುಖವೂ ಸ್ವಲ್ಪ ಆರಿರುತ್ತದೆ. ಆದ್ದರಿಂದ ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಕಣ್ಣಿಗೆ ಕಾಣಲೊಲ್ಲದ ಒಂದು ಕೂಡುಗೆರೆ ಉಳಿಯುತ್ತದೆ. ಸೀಳಿದ ಕೊಳವೆಯನ್ನು ಗಮನಿಸಿದರೆ ಸೀಳು ನೇರವಾಗಿ ಉದ್ದಕ್ಕೆ ಹೋಗಿರುವುದು ಕಾಣುತ್ತದೆ, ಕೂಡುಗೆರೆಯೇ ಬಿಟ್ಟುಕೊಂಡಿದೆ. ಕಿಂಡಿಗಳ ಸಾಲಿನಲ್ಲೂ ಹೀಗೆಯೇ, ಪ್ರತಿ ಕಿಂಡಿಯ ಹಿಂದೊಂದು ಕೂಡುಗೆರೆ. ಇದರ ಮೇಲೆ ಸ್ಕ್ರೂ ಬೇರೆ. ಈ ಕವಚಗಳಿಗೆ ಹಾಕುವ ಸ್ಕ್ರೂ ಪ್ಲಾಸ್ಟಿಕ್ಕಿನಲ್ಲಿ ತಾನೇ ಮರೆ, ಅಂದರೆ ಸುರುಳಿ ಗೆರೆ, ಕೊರೆದುಕೊಂಡು ಕೂರುವಂಥದ್ದು. ಬಿಗಿದ ದಿನದಿಂದ ಅದು ಕೊಳವೆಯನ್ನು ಒಳಗಿನಿಂದ ಹೊರಕ್ಕೆ ದೂಡುತ್ತಲೇ ಇರುತ್ತದೆ, ಹಗಲೂ ರಾತ್ರಿಯೂ.

ಈಗ ಕೊಬ್ಬರಿ ಎಣ್ಣೆಯ ವಿಷಯ. ಬೇಸರ ಮಾಡಿಕೊಳ್ಳಬೇಡಿ, ಆದರೆ ಹೊಳಪಿಗೆಂದು ಸವರಿದ ಎಣ್ಣೆ ಈ ಮುರಿತದಲ್ಲಿ ಪಾಲುದಾರ. ಸ್ಟೈರೀನ್ ಜಾತಿಯ ಪ್ಲಾಸ್ಟಿಕ್ಕಿಗೆ ಅಡುಗೆ ಎಣ್ಣೆ, ಬೆಣ್ಣೆಗಳು ಆಗಿಬರುವುದಿಲ್ಲ. ಫ್ರಿಜ್ಜಿನ ಒಳಗೋಡೆಗೆ ಎಚ್‌ಐಪಿಎಸ್ ಬಳಸುವವರಿಗೆ ಇದು ಹಳೆಯ ತಲೆನೋವು: ಜಿಡ್ಡು ತಾಗಿದ ಮೂಲೆಗಳಲ್ಲಿ ಬಿರುಕು ಬಿಡುತ್ತದೆ. ಎಣ್ಣೆಯೊಂದೇ ಇದ್ದರೆ ಏನೂ ಆಗದು, ಎಳೆತವೊಂದೇ ಇದ್ದರೂ ಬಹುಕಾಲ ತಡೆಯುತ್ತದೆ. ಎರಡೂ ಒಂದೇ ಜಾಗದಲ್ಲಿ ಸೇರಿದರೆ ಪ್ಲಾಸ್ಟಿಕ್ಕಿನ ಅಣುಸರಪಳಿಗಳ ನಡುವೆ ಎಣ್ಣೆ ನುಸುಳಿ ಹಿಡಿತ ಸಡಿಲಿಸುತ್ತದೆ. ಸ್ಕ್ರೂ ತಲೆಯ ಗುಳಿಯಲ್ಲಿ, ಕವಚದ ಜೋಡಣೆಯ ಸಂದಿಯಲ್ಲಿ ನಿಂತ ಎಣ್ಣೆ ಇಳಿಯುವುದು ಎಳೆತ ಹೆಚ್ಚಿರುವ ಕಡೆಗೇ. ಕೊರೊನಾ ಕಾಲದಲ್ಲಿ ಕಚೇರಿಗಳಲ್ಲೆಲ್ಲ ಸ್ಯಾನಿಟೈಸರ್ ಹಾಕಿ ಕಂಪ್ಯೂಟರ್ ಒರೆಸಿದರಲ್ಲ, ಅದರಿಂದಲೂ ಇದೇ ಬಗೆಯ ಸಣ್ಣ ಬಿರುಕುಗಳು ಬರುತ್ತವೆ. ಥಿನ್ನರ್, ಪೆಟ್ರೋಲ್ ಹೇಳುವುದೇ ಬೇಡ. ಮುಂದಿನ ಆಯುಧಪೂಜೆಗೆ ಕುಂಕುಮ, ಹೂವು ಧಾರಾಳವಾಗಿ ಇಡಿ. ಒರೆಸಲು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಜಿಡ್ಡಿದ್ದರೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸಾಕು. ಎಣ್ಣೆಯನ್ನು ಚರಕದ ಕಬ್ಬಿಣಕ್ಕೆ ಮೀಸಲಿಡಿ.

ಬಾಣಲೆಯ ಹಬೆಯಿಂದ ಹೀಗಾಯಿತೇ ಎಂಬ ಅನುಮಾನ ನಿಮಗೆ ಬಂದಿರಬಹುದು. ಎಬಿಎಸ್, ಎಚ್‌ಐಪಿಎಸ್‌ಗಳಿಗೆ ತೇವಾಂಶ ಅಂಥ ಶತ್ರುವಲ್ಲ. ಒಳಮೈ ಮೇಲೆ ಪಿಸಿ ಎಂದಿದ್ದರೆ ಮಾತು ಬೇರೆ. ಪಾಲಿಕಾರ್ಬೊನೇಟನ್ನು ಬಿಸಿ ತೇವ ನಿಧಾನವಾಗಿ ಒಡೆಯುತ್ತದೆ. ಹಬೆ ನಿಜವಾಗಿ ಕೆಡಿಸಿರುವುದು ನಿಮ್ಮ ಎಲ್‌ಸಿಡಿಯನ್ನು. ಅದಕ್ಕೆ ಮುಂದೆ ಬರುತ್ತೇನೆ.

ಎತ್ತಿದ ರೀತಿಯೂ ಒಂದು ಕಾರಣ. 17 ಇಂಚಿನ ಪಿಕ್ಚರ್ ಟ್ಯೂಬ್ ಮಾನಿಟರ್ 15 ಕೆ.ಜಿ.ಗೂ ಹೆಚ್ಚು ತೂಗುತ್ತದೆ, ಆ ತೂಕದ ಬಹುಭಾಗ ಟ್ಯೂಬಿನ ದಪ್ಪ ಗಾಜಿನದು. ಟ್ಯೂಬನ್ನು ನಾಲ್ಕು ಮೂಲೆಗಳ ಕಿವಿಗಳಿಂದ ಮುಂಭಾಗದ ಚೌಕಟ್ಟಿಗೆ ಬಿಗಿದಿರುತ್ತಾರೆ. ಹಿಂಬದಿಯ ಕವಚ ಧೂಳು ತಡೆಯುವ ಮುಚ್ಚಳ ಮಾತ್ರ. ಅದನ್ನು ಹಿಡಿದು ಎತ್ತಿದರೆ ಇಡೀ ತೂಕ ಕೆಲವೇ ಸ್ಕ್ರೂ ಕೊಳವೆಗಳ ಮೇಲೆ ನೇತಾಡುತ್ತದೆ. ಪರದೆಯನ್ನು ಎದೆಗೆ ಒರಗಿಸಿಕೊಂಡು, ಎರಡೂ ಕೈಗಳನ್ನು ಮುಂಚೌಕಟ್ಟಿನ ತಳಕ್ಕೆ ಕೊಟ್ಟು ಎತ್ತಬೇಕು. ತಿರುಗುವ ಪೀಠವಿದ್ದರೆ ಅದನ್ನು ಹಿಡಿಯಲೇಬಾರದು. ಅದರ ಕೊಕ್ಕೆಗಳೂ ಇಷ್ಟು ಹೊತ್ತಿಗೆ ಪೆಡಸಾಗಿರುತ್ತವೆ.

ಅಂಟಿಸುವ ಮೊದಲು ಒಂದು ಎಚ್ಚರಿಕೆ, ಇದನ್ನು ಎರಡು ಸಲ ಓದಿಕೊಳ್ಳಿ. ಪಿಕ್ಚರ್ ಟ್ಯೂಬಿನ ಒಳಗೆ 20,000 ವೋಲ್ಟಿಗೂ ಮೇಲ್ಪಟ್ಟ ಒತ್ತಡ ಕೆಲಸ ಮಾಡುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರಬಹುದು. ಹಿಂಬದಿಯ ಕವಚ ತೆಗೆದರೆ ರಬ್ಬರ್ ಟೋಪಿ ಹೊದ್ದ ದಪ್ಪ ತಂತಿಯೊಂದು ಟ್ಯೂಬಿಗೆ ಸೇರಿರುವುದು ಕಾಣುತ್ತದೆ. ಅಲ್ಲಿಗೆ ಕೈ ಹಾಕಬಾರದು. ಟ್ಯೂಬಿನ ಹಿಂತುದಿಯ ಸಪೂರ ಕುತ್ತಿಗೆಗೆ ಏಟು ಬಿದ್ದರೂ ಕಷ್ಟ. ಶಿಡ್ಲಘಟ್ಟದಲ್ಲೋ ಚಿಂತಾಮಣಿಯಲ್ಲೋ ಹಳೆಯ ಟಿ.ವಿ. ರಿಪೇರಿ ಮಾಡಿದ ಮೆಕ್ಯಾನಿಕ್ ಒಬ್ಬರು ಖಂಡಿತ ಸಿಗುತ್ತಾರೆ. ಟ್ಯೂಬಿನ ಚಾರ್ಜ್ ಇಳಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಕವಚವನ್ನು ಅವರಿಂದಲೇ ಬಿಚ್ಚಿಸಿ, ಬರಿಯ ಪ್ಲಾಸ್ಟಿಕ್ಕನ್ನು ನೀವು ಮನೆಗೆ ತನ್ನಿ. ಡಿಸೆಂಬರಿನ ನಿಮ್ಮೂರಿನ ಚಳಿಯ ಬೆಳಗಿನಲ್ಲಿ ಮಾತ್ರ ಬಿಚ್ಚಿಸಬೇಡಿ. ತಣ್ಣಗಿದ್ದಷ್ಟೂ ಪ್ಲಾಸ್ಟಿಕ್ ಪೆಡಸು. ಮಧ್ಯಾಹ್ನ ಕೋಣೆ ಬೆಚ್ಚಗಾದ ಮೇಲೆ ಕೊಕ್ಕೆಗಳು ಸ್ವಲ್ಪವಾದರೂ ಬಾಗುತ್ತವೆ.

ಈಗ ಅಂಟು. ಫೆವಿಕ್ವಿಕ್ ಜಾತಿಯ ಅಂಟು ಚೂರುಗಳನ್ನು ಸರಿಯಾದ ಜಾಗದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಲು ಒಳ್ಳೆಯದು. ಅದನ್ನೇ ನಂಬಿದರೆ ಮುಂದಿನ ಸಲ ಸ್ಕ್ರೂ ತಿರುಗಿಸುವಾಗ ಪಟ್ಟೆಂದು ಬಿಡುತ್ತದೆ. ಒಣಗಿದ ಮೇಲೆ ಅದೂ ಪೆಡಸು. ಪೆಡಸಾದ ಪ್ಲಾಸ್ಟಿಕ್ಕಿಗೆ ಪೆಡಸಾದ ಅಂಟು ಜೊತೆಯಾಗದು. ಸುತ್ತ ಬಿಳಿ ಬೂದಿಯಂಥ ಕಲೆಯನ್ನೂ ಬಿಡುತ್ತದೆ. ಅಸಿಟೋನಿನಲ್ಲಿ ಎಬಿಎಸ್ ಚೂರು ಕರಗಿಸಿ ಸವರುವ ವಿಧಾನವನ್ನು ಹೊಸ ಪ್ಲಾಸ್ಟಿಕ್ಕಿಗೆ ನಾನೂ ಮೆಚ್ಚುತ್ತೇನೆ. ಆದರೆ ಸತ್ತ ಪದರವನ್ನು ಸತ್ತ ಪದರಕ್ಕೆ ಬೆಸೆದರೆ ಬಂದ ಲಾಭವೇನು? ಎಳೆತವಿರುವ ಜಾಗಕ್ಕೆ ಅಸಿಟೋನ್ ತಾಗಿದರೆ ಹೊಸ ಬಿರುಕುಗಳೂ ಏಳುತ್ತವೆ. ಕಾದ ಸೋಲ್ಡರಿಂಗ್ ಕಡ್ಡಿಯಿಂದ ಕರಗಿಸಿ ಬೆಸೆಯುವವರೂ ಇದ್ದಾರೆ. ಎಫ್‌ಆರ್ ಗುರುತಿನ ಹಳೆಯ ಕವಚಕ್ಕೆ ಅದು ಬೇಡವೇ ಬೇಡ, ಏಕೆಂದರೆ ಅದರೊಳಗೆ ಬ್ರೋಮಿನ್ ಸಂಯುಕ್ತಗಳಿರುವ ಸಾಧ್ಯತೆ ಹೆಚ್ಚು. ಆ ಹೊಗೆ ಶ್ವಾಸಕೋಶಕ್ಕೆ ಹೋಗಬಾರದು.

ನನ್ನ ಆಯ್ಕೆ ಎರಡು ಟ್ಯೂಬುಗಳಲ್ಲಿ ಬರುವ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ. ಐದು ನಿಮಿಷದಲ್ಲಿ ಗಟ್ಟಿಯಾಗುವುದಕ್ಕಿಂತ ರಾತ್ರಿಯೆಲ್ಲ ತೆಗೆದುಕೊಳ್ಳುವುದು ಮೇಲು. ಅದಕ್ಕೆ ನಾರಿನ ಆಸರೆ ಕೊಡಬೇಕು. ಬೇರೆ ಊರಿನವರಾಗಿದ್ದರೆ ಗಾಜಿನ ನಾರಿನ ಬಲೆ ಹುಡುಕಿ ಎನ್ನುತ್ತಿದ್ದೆ. ನಿಮ್ಮ ಮನೆಯಲ್ಲೇ ಅದಕ್ಕಿಂತ ಸೊಗಸಾದ ವಸ್ತುವಿದೆ. ಸೋಪಿನ ನೀರಿನಲ್ಲಿ ಕುದಿಸಿ ಅದರ ಸಹಜ ಅಂಟು ತೆಗೆದು, ಚೆನ್ನಾಗಿ ಒಣಗಿಸಿದ ರೇಷ್ಮೆ ನೂಲು ತೆಗೆದುಕೊಳ್ಳಿ. ಸೀಳಿದ ಕೊಳವೆಯನ್ನು ಸೋಪಿನಿಂದ ತೊಳೆದು ಜಿಡ್ಡು ಪೂರ್ತಿ ಹೋಗಿಸಿ. ಎಣ್ಣೆಯ ಅಂಶ ಉಳಿದರೆ ಯಾವ ಅಂಟೂ ಹಿಡಿಯದು. ಹೊರಮೈಯನ್ನು ಮರಳು ಕಾಗದದಿಂದ ಒರಟು ಮಾಡಿ. ಕಾಗದವನ್ನು ನೀರಿನಲ್ಲಿ ಅದ್ದಿಕೊಂಡು ಉಜ್ಜಿ, ಒಣ ಪುಡಿ ಹಾರಿಸಬೇಡಿ. ಸೀಳಿನೊಳಗೆ ಎಪಾಕ್ಸಿ ಇಳಿಸಿ ಕೊಳವೆಯನ್ನು ಅದುಮಿ ಸೇರಿಸಿ, ನೂಲನ್ನು ಒತ್ತೊತ್ತಾಗಿ ಸುತ್ತುತ್ತ ಪ್ರತಿ ಸುತ್ತಿಗೂ ಎಪಾಕ್ಸಿ ಕುಡಿಸಿ. ಹೊರಕ್ಕೆ ದೂಡುವ ಸ್ಕ್ರೂವಿನ ಬಲವನ್ನು ಇನ್ನು ಮೇಲೆ ನೂಲು ತಡೆಯುತ್ತದೆ, ಪ್ಲಾಸ್ಟಿಕ್ ಬರಿಯ ಅಚ್ಚಾಗಿ ಕೂತಿರುತ್ತದೆ. ರಂಧ್ರದೊಳಗೆ ಅಂಟು ಇಳಿಯದಂತೆ, ಮೇಣದಬತ್ತಿ ಉಜ್ಜಿದ ಸ್ಕ್ರೂವನ್ನು ಸಡಿಲವಾಗಿ ಇಟ್ಟಿರಿ. ಕೊಳವೆಯ ಬುಡ ಕವಚಕ್ಕೆ ಸೇರುವ ಮೂಲೆಯಲ್ಲೂ ಎಪಾಕ್ಸಿಯನ್ನು ಸ್ವಲ್ಪ ಇಳಿಜಾರಾಗಿ ತುಂಬಿ, ಚೂಪು ಮೂಲೆ ಇರಬಾರದು. ಕಿತ್ತುಬಂದ ಮೂಲೆಗಳಿಗೆ ಒಳಗಡೆಯಿಂದ ತೆಳು ಹತ್ತಿ ಬಟ್ಟೆಯ ತುಂಡನ್ನು ಎಪಾಕ್ಸಿಯಲ್ಲಿ ನೆನೆಸಿ ಹೊದಿಸಿ. ಕಿಂಡಿಗಳನ್ನು ಮಾತ್ರ ಮುಚ್ಚಬೇಡಿ. ಹೊರಗಡೆ ಗೆರೆ ಕಾಣುತ್ತದೆ. ಕಾಣಲಿ.

ಮತ್ತೆ ಜೋಡಿಸುವಾಗ ಸ್ಕ್ರೂವನ್ನು ನೇರವಾಗಿ ಮುಂದಕ್ಕೆ ತಿರುಗಿಸಬಾರದು. ಕೊಳವೆಯ ಬಾಯಲ್ಲಿ ಇಟ್ಟು, ಮೊದಲು ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಒಂದು ಹಂತದಲ್ಲಿ ಸ್ಕ್ರೂ ಸಣ್ಣಗೆ ಕೆಳಕ್ಕೆ ಕುಸಿದಂತೆ ಬೆರಳಿಗೆ ಗೊತ್ತಾಗುತ್ತದೆ. ಅದು ಹಳೆಯ ಮರೆಗೆ ಸೇರಿತು ಎಂದರ್ಥ. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಹೊಸ ಮರೆ ಕೊರೆಯದೆ ಹಳೆಯದರಲ್ಲೇ ಇಳಿಯುತ್ತದೆ. ಗಿಡ್ಡ ಸ್ಕ್ರೂಡ್ರೈವರನ್ನು ಎರಡೇ ಬೆರಳಲ್ಲಿ ಹಿಡಿಯಿರಿ, ತಲೆ ಕವಚಕ್ಕೆ ತಾಗಿದೊಡನೆ ನಿಲ್ಲಿಸಿ. ಬ್ಯಾಟರಿ ಡ್ರಿಲ್ ತಂದು ಕಿರ್ರೆನಿಸುವ ಹುಡುಗರು ಹಳೆಯ ಸಾಮಾನಿನ ಹತ್ತಿರ ಸುಳಿಯದಿರಲಿ. ನಾನು ಕಂಡ ಸೀಳಿದ ಕೊಳವೆಗಳಲ್ಲಿ ವಯಸ್ಸಿನಷ್ಟೇ ಪಾಲು ರಿಪೇರಿಯವರ ಉತ್ಸಾಹದ್ದೂ ಇದೆ.

ಪೆರಾಕ್ಸೈಡ್ ಬಗ್ಗೆ ಕೇಳಿದಿರಿ. ಬಣ್ಣ ಬರುತ್ತದೆ, ಸುಳ್ಳಲ್ಲ. ಕೂದಲಿನ ಬಣ್ಣಕ್ಕೆ ಬಳಸುವ 12 ಶೇಕಡಾ ಪೆರಾಕ್ಸೈಡ್ ಕ್ರೀಮ್ ಬಳಿದು ಬಿಸಿಲಿಗಿಟ್ಟು ಹಳೆಯ ಕಂಪ್ಯೂಟರ್‌ಗಳನ್ನು ಬೆಳ್ಳಗೆ ಮಾಡುವ ವಿಧಾನ 2008ರ ಸುಮಾರಿಗೆ ಹವ್ಯಾಸಿಗಳ ನಡುವೆ ಹಬ್ಬಿತು. ಹಳದಿ ತೋರಿಸುವ ಅಣುಗುಂಪುಗಳನ್ನು ಅದು ಬಣ್ಣಗೆಡಿಸುತ್ತದೆ. ಕಳೆದುಹೋದ ರಬ್ಬರನ್ನು ಮರಳಿ ತರುವುದಿಲ್ಲ. ಪ್ಲಾಸ್ಟಿಕ್ಕಿಗೆ ಮತ್ತೊಂದು ಸುತ್ತು ಬಿಸಿಲನ್ನೂ ಆಕ್ಸಿಡೀಕರಣವನ್ನೂ ಉಣಿಸಿ ಬೆಳ್ಳಗೆ ಕಾಣಿಸುತ್ತದೆ; ಕೆಲವು ವರ್ಷಗಳಲ್ಲಿ ಹಳದಿ ಮತ್ತೆ ಬರುತ್ತದೆ, ಕ್ರೀಮ್ ಸಮನಾಗಿ ಬಳಿಯದಿದ್ದರೆ ಮೋಡದಂಥ ಪಟ್ಟೆಗಳೂ ಉಳಿಯುತ್ತವೆ. ಬಗ್ಗಿಸಿದರೆ ಟಕ್ಕೆಂದು ಮುರಿಯುವ ಕವಚಕ್ಕೆ ನಾನು ಇದನ್ನು ಖಂಡಿತ ಹೇಳಲಾರೆ. ಒಂದೇ ಮಾನಿಟರಿನ ಮುಂಚೌಕಟ್ಟು ಕೆನೆಯಾಗಿಯೂ ಹಿಂಬದಿ ಕಂದಾಗಿಯೂ ಇರುವುದು ಸಾಮಾನ್ಯ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕಾಳಿನ ಮೂಟೆಗಳಿಂದ ಅಚ್ಚೊತ್ತಿರುತ್ತಾರೆ, ಬೆರಕೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಕಾಫಿ ಬಣ್ಣದಿಂದ ಯಾರಿಗೂ ತೊಂದರೆಯಿಲ್ಲ.

ಇನ್ನು ಎಲ್‌ಸಿಡಿ. ಆ ಹುಳಿ ವಾಸನೆ ನಿಜವಾದ ವಿನೆಗರಿನದೇ, ಅಂದರೆ ಅಸಿಟಿಕ್ ಆಮ್ಲ. ಪರದೆಯ ಗಾಜಿಗೆ ಅಂಟಿಸಿರುವ, ಬೆಳಕನ್ನು ಸೋಸುವ ಪೋಲರೈಸರ್ ಹಾಳೆಯಲ್ಲಿ, ಅಯೋಡಿನ್ ಬಣ್ಣ ಕುಡಿಸಿದ ತೆಳು ಪದರವನ್ನು ಸೆಲ್ಯುಲೋಸ್ ಟ್ರೈಅಸಿಟೇಟ್ ಹಾಳೆಗಳ ನಡುವೆ ಇಟ್ಟಿರುತ್ತಾರೆ. ಬಿಸಿ ಮತ್ತು ತೇವ ಸೇರಿದರೆ ಟ್ರೈಅಸಿಟೇಟ್ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಬಿಟ್ಟ ಆಮ್ಲವೇ ಮುಂದಿನ ಒಡೆತವನ್ನು ಚುರುಕುಗೊಳಿಸುತ್ತದೆ. ಹಳೆಯ ಸಿನಿಮಾ ರೀಲುಗಳನ್ನು ಕಾಪಾಡುವವರಿಗೆ ಈ ವಾಸನೆ ಬಹಳ ಹಿಂದಿನಿಂದ ಪರಿಚಿತ, ವಸ್ತು ಒಂದೇ. ದಿನವಿಡೀ ಗೂಡು ಬೇಯುವ ಬಾಣಲೆಗಳ ಪಕ್ಕದ ಕೋಣೆ ಅದಕ್ಕೆ ಹೇಳಿಮಾಡಿಸಿದ ಜಾಗ. ಇದಕ್ಕೆ ಔಷಧವಿಲ್ಲ. ಹಾಳೆ ಕಿತ್ತು ಹೊಸದನ್ನು ಅಂಟಿಸುವವರು ಇದ್ದಾರೆ, ಆದರೆ ಗಾಜಿನ ಮೇಲಿನ ಹಳೆಯ ಅಂಟು ಕೆರೆಯುವಷ್ಟರಲ್ಲಿ ಪರದೆ ಒಡೆಯುವ ಭಯ. 15 ಇಂಚಿಗೆ ಆ ಶ್ರಮ ದಂಡ. ಮೊದಲು ಅದನ್ನು ಬೇರೆ ಎಲ್‌ಸಿಡಿ, ಲ್ಯಾಪ್‌ಟಾಪ್‌ಗಳ ಹತ್ತಿರದಿಂದ ತೆಗೆದುಬಿಡಿ. ಮುಚ್ಚಿದ ಬೀರುವಿನಲ್ಲಂತೂ ಇಡಬೇಡಿ, ಆಮ್ಲದ ಆವಿ ಪಕ್ಕದವಕ್ಕೂ ತಾಗುತ್ತದೆ.

ಅದರ ಬದಲಿಗೆ ಹಳೆಯ ಕಂಪ್ಯೂಟರಿಗೆ ವಿಜಿಎ ಕಿಂಡಿಯಿರುವ ಯಾವುದೇ ಸೆಕೆಂಡ್ ಹ್ಯಾಂಡ್ ಎಲ್‌ಸಿಡಿ ಹೊಂದುತ್ತದೆ. ಕೊಳ್ಳುವಾಗ ಮೂಸಿ ನೋಡಿ, ನಗುವವರು ನಗಲಿ. ಹಿಂಬದಿಯಲ್ಲಿ 75 ಅಥವಾ 100 ಮಿ.ಮೀ. ಚೌಕದ ನಾಲ್ಕು ಸ್ಕ್ರೂ ರಂಧ್ರಗಳಿದ್ದರೆ ಒಳ್ಳೆಯದು. ಪೀಠದ ಪ್ಲಾಸ್ಟಿಕ್ ಮುರಿದ ದಿನ ಗೋಡೆಯ ಬ್ರಾಕೆಟ್ಟಿಗೆ ಬಿಗಿಯಬಹುದು. ತಂತಿಗಳನ್ನು ಕವಚದ ಮೇಲೆ ಸುತ್ತಿ ಇಡಬೇಡಿ. ಪಿವಿಸಿ ತಂತಿಯನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ ನಿಧಾನವಾಗಿ ಜಿನುಗಿ, ತಾಗಿದಲ್ಲೆಲ್ಲ ಎಬಿಎಸ್ಸನ್ನು ಕರಗಿಸಿ ಕಾಲುವೆಯಂಥ ಗುರುತು ಮಾಡುತ್ತದೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತಂತಿ ಮುಳುಗಿಕೊಂಡಿರುವುದನ್ನು ನೀವೂ ನೋಡಿರಬಹುದು, ಕಾರಣ ಇದೇ.

ದುರಸ್ತಿಯಾದ ಪಿಕ್ಚರ್ ಟ್ಯೂಬ್ ಮಾನಿಟರನ್ನು ಕಿಟಕಿಯ ಬಿಸಿಲಿನಿಂದ ದೂರವಿಡಿ, ಶೀಟ್ ಛಾವಣಿಯ ಕೆಳಗಿನ ಅಟ್ಟಕ್ಕಂತೂ ಏರಿಸಬೇಡಿ. ಮುಚ್ಚಲು ಹತ್ತಿ ಬಟ್ಟೆ ಸಾಕು, ಅದೂ ಮಾನಿಟರ್ ಪೂರ್ತಿ ತಣ್ಣಗಾದ ಮೇಲೆ. ಇಷ್ಟೆಲ್ಲ ಯಾರಿಗೆ ಬೇಕು ಎನಿಸಿ ಕೊಟ್ಟುಬಿಡುವ ಮನಸ್ಸಾದರೆ ಬೀದಿಯ ಗುಜರಿಯವರಿಗೆ ಕೊಡಬೇಡಿ. ತಾಮ್ರಕ್ಕಾಗಿ ಟ್ಯೂಬ್ ಒಡೆಯುತ್ತಾರೆ, ಉಳಿದದ್ದನ್ನು ಸುಡುತ್ತಾರೆ. ಟ್ಯೂಬಿನ ಹಿಂಬದಿಯ ಗಾಜಿನಲ್ಲಿ ಸೀಸವಿದೆ. ಆ ಕಾಲದ ಕವಚಗಳಲ್ಲಿ ಬಳಕೆಯಲ್ಲಿದ್ದ ಬ್ರೋಮಿನ್ ಸಂಯುಕ್ತಗಳಲ್ಲಿ ಒಂದಾದ ಡೆಕಾಬಿಡಿಇಯನ್ನು 2017ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಿದ್ದಾರೆ. ಸುಟ್ಟರೆ ಇಂತಹವುಗಳಿಂದ ಡಯಾಕ್ಸಿನ್ ಜಾತಿಯ ವಿಷಗಳು ಹುಟ್ಟುತ್ತವೆ. ಎಲ್‌ಸಿಡಿಯ ಒಳಗಿನ ಸಪೂರ ದೀಪದಲ್ಲೂ ಸ್ವಲ್ಪ ಪಾದರಸವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆದಾರರ ಕೈಗೇ ಸೇರಬೇಕು. ಅಂಥವರ ವಿವರ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. ಗೂಡು, ನೂಲಿನ ವ್ಯವಹಾರಕ್ಕೆ ಬೆಂಗಳೂರಿಗೆ ಗಾಡಿ ಹೋಗುವ ದಿನ ಎರಡನ್ನೂ ಜೊತೆಗೆ ಹಾಕಿ ಕಳುಹಿಸಿ. ಟ್ಯೂಬಿನ ಪರದೆ ಕೆಳಮುಖವಾಗಿ, ಹಳೆಯ ಕಂಬಳಿಯ ಮೇಲೆ ಮಲಗಿರಲಿ.